‘ಇಲ್ಲ’ ಎನ್ನುವುದಕ್ಕೆ ಬೆಲೆ ಎಷ್ಟು?

ಬಳ್ಳಾರಿ ಸೀಮೆಯಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಎರಡು ಮಾತುಗಳಿವೆ. ಒಂದು, ‘ಏನ್ ಮಾಡಾಕ ಬರ್ತೈತ್ರಿ, ಕಾಲಾನ ಹಂಗೈತಿ.’ ಇನ್ನೊಂದು, ‘ಯಾರೂ ಬಲವಂತ ಮಾಡಿಲ್ಲ, ಅವರಾಗೇ ಒಪ್ಕಂಡಾರ.’ ಮೊದಲನೆಯದು ತನಗೆ ಬೇರೆ ದಾರಿ ಇರಲಿಲ್ಲ ಎನ್ನುವವನ ಮಾತು. ಎರಡನೆಯದು ಬೇರೊಬ್ಬರಿಗೆ ದಾರಿ ಇತ್ತು ಎನ್ನುವ ಮಾತು. ಸಿರುಗುಪ್ಪ ಮತ್ತು ಕುರುಗೋಡಿನ ಕಡೆಯಿಂದ ಬಸ್ಸು ಹಿಡಿದು ಬಳ್ಳಾರಿ ನಗರಕ್ಕೆ ಓದಲು ಬರುವ ನಾವು ಕೆಲವರು, ಈ ಎರಡು ಮಾತುಗಳನ್ನು ಯಾರು ಯಾವಾಗ ಆಡುತ್ತಾರೆಂದು ಸ್ವಲ್ಪ ಕಾಲದಿಂದ ಗಮನಿಸುತ್ತಾ ಬಂದಿದ್ದೇವೆ. ನಮಗೆ ಕಂಡದ್ದು ಇಷ್ಟು: ಧಾರಾಳವಾಗಿ ದಾರಿಗಳಿದ್ದವರು ಮೊದಲನೆಯ ಮಾತನ್ನು ತಮ್ಮ ಬಗ್ಗೆ ಹೇಳಿಕೊಳ್ಳುತ್ತಾರೆ. ದಾರಿಯೇ ಇಲ್ಲದವರ ಬಗ್ಗೆ ಅದೇ ಜನ ಎರಡನೆಯ ಮಾತನ್ನು ಹೇಳುತ್ತಾರೆ.

ನಮ್ಮಲ್ಲಿ ಒಬ್ಬರು ಸಮಾಜಶಾಸ್ತ್ರ ಓದುತ್ತಿರುವವರು, ಇಬ್ಬರು ವಾಣಿಜ್ಯ, ಒಬ್ಬಳು ಬಿ.ಎಡ್. ಪಂಡಿತರು ಯಾರೂ ಇಲ್ಲ. ವ್ಯಕ್ತಿ ದೊಡ್ಡವನೋ ಸಮಾಜ ದೊಡ್ಡದೋ ಎಂಬ ಪ್ರಶ್ನೆಯನ್ನು ನಮ್ಮ ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಪ್ರತಿವರ್ಷ ಕೇಳುತ್ತಾರೆ. ಪರ ಮಾತಾಡಿದವರಿಗೆ ಒಂದು ಬಹುಮಾನ, ವಿರುದ್ಧ ಮಾತಾಡಿದವರಿಗೆ ಇನ್ನೊಂದು. ಆದರೆ ಪ್ರಶ್ನೆಯನ್ನು ಹೀಗೆ ಇಟ್ಟರೆ ಉತ್ತರ ಸಿಗುವುದಿಲ್ಲವೆಂದು ನಮಗೆ ತೋರುತ್ತದೆ. ಒಬ್ಬ ಮನುಷ್ಯನಿಗೆ ಆಯ್ಕೆ ಇತ್ತೇ ಇಲ್ಲವೇ ಎಂದು ತಿಳಿಯಲು ಅವನ ಮನಸ್ಸಿನೊಳಗೆ ಇಣುಕಿ ನೋಡಬೇಕಾಗಿಲ್ಲ. ಅವನು ‘ಇಲ್ಲ’ ಎಂದಿದ್ದರೆ ಏನು ಕಳೆದುಕೊಳ್ಳುತ್ತಿದ್ದ ಎಂದು ಕೇಳಿದರೆ ಸಾಕು. ಆ ಬೆಲೆಯೇ ಅವನ ಸ್ವಾತಂತ್ರ್ಯದ ಅಳತೆ. ಅವನ ಹೊಣೆಯ ಅಳತೆಯೂ ಅದೇ.

ಈ ಅಳತೆಗೋಲನ್ನು ಹಿಡಿದು ನೋಡಲು ನಮ್ಮ ಜಿಲ್ಲೆಗಿಂತ ತಕ್ಕ ಸ್ಥಳ ಬೇರೆ ಬೇಕಿಲ್ಲ. ನಾವು ಶಾಲೆಗೆ ಹೋಗುತ್ತಿದ್ದ ಕಾಲದ ದೊಡ್ಡ ಕಥೆ ಕಬ್ಬಿಣದ ಅದಿರಿನದು. ಚೀನಾದ ಬೇಡಿಕೆ ಏರಿ, 2008ರ ಬೀಜಿಂಗ್ ಒಲಿಂಪಿಕ್ಸ್‌ನ ಹೊತ್ತಿಗೆ ಸಂಡೂರು, ಹೊಸಪೇಟೆಯ ಗುಡ್ಡಗಳಿಂದ ಲಾರಿಗಳ ಸಾಲು ಬಂದರುಗಳತ್ತ ಹಗಲು ರಾತ್ರಿ ಹರಿಯಿತು. ಹೊಲದ ಮೇಲ್ಮಣ್ಣಿನಲ್ಲಿದ್ದ ಅದಿರನ್ನೂ ಕೆರೆದು ಮಾರಿದರು. ಅಂದಿನ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2008ರ ಡಿಸೆಂಬರ್‌ನಲ್ಲಿ ಮೊದಲ ವರದಿಯನ್ನೂ 2011ರ ಜುಲೈ 27ರಂದು ಅಂತಿಮ ವರದಿಯನ್ನೂ ಕೊಟ್ಟರು. ಬೊಕ್ಕಸಕ್ಕಾದ ನಷ್ಟ 16,000 ಕೋಟಿ ರೂಪಾಯಿಗೂ ಹೆಚ್ಚೆಂದು ಆ ವರದಿ ಲೆಕ್ಕ ಹಾಕಿತು. ಏಳುನೂರಕ್ಕೂ ಹೆಚ್ಚು ಅಧಿಕಾರಿ, ನೌಕರರ ಹೆಸರುಗಳು ಅದರಲ್ಲಿದ್ದವು. ಎರಡು ದಿನಗಳ ನಂತರ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಜುಲೈ 31ರಂದು ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು.

ಏಳುನೂರು ಎಂಬ ಈ ಸಂಖ್ಯೆಯ ಮುಂದೆ ನಾವು ಬಹಳ ಹೊತ್ತು ಕೂತಿದ್ದೇವೆ. ಒಬ್ಬಿಬ್ಬರು ಕೆಟ್ಟವರಿದ್ದರು ಎಂದು ಹೇಳಿ ಮುಗಿಸಬಹುದಾದ ಸಂಖ್ಯೆಯಲ್ಲ ಅದು. ಅವರಲ್ಲಿ ಹೆಚ್ಚಿನವರು ಮನೆಯಲ್ಲಿ ಒಳ್ಳೆಯ ತಂದೆ, ಒಳ್ಳೆಯ ತಾಯಿ ಆಗಿದ್ದಿರಬೇಕು. ಪರ್ಮಿಟ್ ಇಲ್ಲದ ಲಾರಿ ಮುಂದೆ ಹೋಗಲೆಂದು ಕಣ್ಣು ಹೊರಳಿಸಿದ ರಾತ್ರಿಯೂ ಅವರು ತಮಗೆ ತಾವೇ ‘ನಾನೊಬ್ಬ ತಡೆದರೆ ಏನಾದೀತು, ಮುಂದಿನ ಗೇಟಿನಲ್ಲಿ ಬಿಡುತ್ತಾರೆ’ ಎಂದುಕೊಂಡಿರಬೇಕು. ಕಾಲ ಹಾಗಿತ್ತು. ಆದರೆ ಅವರವರ ‘ಇಲ್ಲ’ಕ್ಕೆ ಬೆಲೆ ಒಂದೇ ಆಗಿತ್ತೇ? ಗಣಿಯ ಒಡೆಯ ಅಕ್ರಮಕ್ಕೆ ಇಲ್ಲವೆಂದಿದ್ದರೆ ಕಳೆದುಕೊಳ್ಳುತ್ತಿದ್ದದ್ದು ಲಾಭದ ಒಂದು ಪಾಲು, ಹೆಚ್ಚೆಂದರೆ ಹೆಲಿಕಾಪ್ಟರ್. (ಆ ದಿನಗಳಲ್ಲಿ ನಮ್ಮೂರಿನ ಮಕ್ಕಳಿಗೆ ಹೆಲಿಕಾಪ್ಟರ್ ನೋಡುವುದು ವಿಶೇಷವೇ ಆಗಿರಲಿಲ್ಲ.) ಅಧಿಕಾರಿಗೆ ವರ್ಗಾವಣೆ. ಸಾಲ ಮಾಡಿ ಲಾರಿ ಕೊಂಡವನಿಗೆ ಫೈನಾನ್ಸ್‌ನವರು ಲಾರಿ ಎಳೆದುಕೊಂಡು ಹೋಗುವ ಭಯ. ಡ್ರೈವರನಿಗೆ ಕೆಲಸ. ಗುಡ್ಡದ ಮೇಲೆ ಕಲ್ಲು ಒಡೆಯುತ್ತಿದ್ದ ಕೂಲಿಯವಳಿಗೆ ಆ ದಿನದ ಊಟ. ಏಣಿಯಲ್ಲಿ ಕೆಳಗಿಳಿದಂತೆಲ್ಲ ‘ಇಲ್ಲ’ ಎನ್ನುವುದು ತುಟ್ಟಿಯಾಗುತ್ತದೆ.

ಗಣಿ ನಿಂತಾಗ ಮೊದಲು ಪೆಟ್ಟು ಬಿದ್ದದ್ದು ಏಣಿಯ ಕೆಳಗಿನವರಿಗೇ. ಡ್ರೈವರು, ಕ್ಲೀನರು, ಪಂಕ್ಚರ್ ಅಂಗಡಿ, ದಾರಿಬದಿಯ ಖಾನಾವಳಿ ಎಲ್ಲರ ಕೆಲಸ ಹೋಯಿತು. ಲಾರಿಗಳು ಜಪ್ತಿಯಾದವು. ಸುಪ್ರೀಂ ಕೋರ್ಟು 2013ರ ಏಪ್ರಿಲ್ 18ರಂದು ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿ, ಉಳಿದವುಗಳಿಗೆ ಷರತ್ತಿನ ಮೇಲೆ ಅನುಮತಿ ಕೊಟ್ಟಿತು. ತೀರ್ಪನ್ನು ನಾವು ಒಪ್ಪುತ್ತೇವೆ. ನಿಲ್ಲಿಸದೆ ಬೇರೆ ಉಪಾಯವಿರಲಿಲ್ಲ. ಆದರೂ ಇದನ್ನು ಹೇಳಲೇಬೇಕು. ಮೇಲಿನವನು ಅಗ್ಗದ ‘ಇಲ್ಲ’ವನ್ನು ಹೇಳದೇ ಹೋದಾಗ, ಕೆಳಗಿನವನು ತುಟ್ಟಿಯ ಬೆಲೆಯನ್ನು ಕೊನೆಗೆ ತೆತ್ತೇ ತೆರುತ್ತಾನೆ, ಅದೂ ತಾನು ಏನನ್ನೂ ಆರಿಸಿಕೊಳ್ಳದೆ. ‘ಜನರೂ ದುಡ್ಡು ತಿಂದರು, ಜನರಾಗೇ ಒಪ್ಪಿಕೊಂಡರು’ ಎಂದು ಇಂದಿಗೂ ಬಳ್ಳಾರಿಯಲ್ಲಿ ಹೇಳುವವರಿದ್ದಾರೆ. ಯಾರು ಹೇಳುತ್ತಾರೆಂದು ಮಾತ್ರ ಗಮನಿಸಿ.

ಗಣಿಯ ವಿಷಯದಲ್ಲಿ ಒಳಿತು ಕೆಡುಕು ಬೇರ್ಪಡಿಸುವುದು ಸುಲಭ. ಸಿರುಗುಪ್ಪದ ಭತ್ತದ ಗದ್ದೆಗೆ ಬಂದರೆ ಅಷ್ಟು ಸುಲಭವಲ್ಲ. ತುಂಗಭದ್ರಾ ಯೋಜನೆಯ ಕಾಲುವೆಗಳನ್ನು ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆಂದು, ಬರಗಾಲದ ಈ ನಾಡಿನಲ್ಲಿ ಆದಷ್ಟು ಹೆಚ್ಚು ಜನರಿಗೆ ಸ್ವಲ್ಪ ಸ್ವಲ್ಪ ನೀರು ಮುಟ್ಟಲೆಂದು ಯೋಜಿಸಿದ್ದರು. 1953ರಲ್ಲಿ ನೀರು ಬಂತು. ನೀರು ಬಂದ ಮೇಲೆ ಭತ್ತ ಬಂತು, ರೈಸ್ ಮಿಲ್ಲುಗಳು ಬಂದವು, ಕ್ಯಾಂಪುಗಳು ಬಂದವು. ಸಿರುಗುಪ್ಪವೆಂದರೆ ಅನ್ನ ಎಂಬಂತಾಯಿತು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ನಿಂತರೆ ಕೊನೆ ಭಾಗದವರಿಗೆ ನೀರು ಮುಟ್ಟುವುದಿಲ್ಲ. ಇದು ಬಲದಂಡೆಯಲ್ಲೂ ಇದೆ. ಎಡದಂಡೆಯ ಕೊನೆಯ ಮಾನ್ವಿ, ರಾಯಚೂರಿನ ರೈತರು ವರ್ಷ ವರ್ಷ ರಸ್ತೆಗೆ ಇಳಿಯುವುದೂ ಇದಕ್ಕೇ. ಹೂಳು ತುಂಬಿ, ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಈಗ ನಿಲ್ಲುವುದು 105ರ ಆಸುಪಾಸು. ಆದ್ದರಿಂದ ಜಗಳ ಇನ್ನೂ ಬಿಗಿಯಾಗಿದೆ.

ಈಗ ಮೇಲ್ಭಾಗದ ಒಬ್ಬ ರೈತನನ್ನು ತೆಗೆದುಕೊಳ್ಳಿ. ಐದು ಎಕರೆಯವನು. ಅವನು ದೇವರಿಗೆ ಹೆದರುವವನು, ಕೊನೆ ಭಾಗದವರ ಕಷ್ಟ ಬಲ್ಲವನು. ‘ಈ ವರ್ಷ ಭತ್ತ ಹಾಕುವುದಿಲ್ಲ’ ಎಂದು ಅವನು ತೀರ್ಮಾನಿಸಿದನೆನ್ನಿ. ಅವನು ಬಿಟ್ಟ ನೀರು ಮಾನ್ವಿಗೆ ಹೋಗುವುದಿಲ್ಲ. ಪಕ್ಕದವನ ತೂಬಿಗೆ ಹೋಗುತ್ತದೆ. ಅಷ್ಟೇ ಅಲ್ಲ, ಸುತ್ತ ಗದ್ದೆಗಳಲ್ಲಿ ನೀರು ನಿಂತಿರುವಾಗ ನಡುವೆ ಅವನೊಬ್ಬ ಜೋಳ ಹಾಕಿದರೆ ತೇವ ಏರಿ ಜೋಳದ ಬೇರು ಕೊಳೆಯುತ್ತದೆ. ಇಲ್ಲಿ ‘ನಾನೊಬ್ಬ ಬಿಟ್ಟರೆ ಏನಾದೀತು’ ಎಂಬುದು ನೆವವಲ್ಲ, ಲೆಕ್ಕವೇ ಹಾಗಿದೆ. ಒಳ್ಳೆಯತನದ ಉಪದೇಶ ಮಾಡುವವರು ಈ ರೈತನ ಮುಂದೆ ಸ್ವಲ್ಪ ತಡೆದು ಮಾತಾಡಬೇಕು.

ಹಾಗಾದರೆ ಅವನಿಗೆ ಆಯ್ಕೆ ಇಲ್ಲವೆಂದು ಬಿಟ್ಟುಬಿಡೋಣವೇ? ಭತ್ತ ಹಾಕುವುದು ಬಿಡುವುದು ಅವನೊಬ್ಬನ ಆಯ್ಕೆಯಲ್ಲ, ಸರಿ. ಆದರೆ ನೀರು ಬಳಕೆದಾರರ ಸಂಘದ ಸಭೆಗೆ ಹೋಗುವುದು, ಅಲ್ಲಿ ಎದ್ದು ನಿಂತು ಒಂದು ಮಾತು ಆಡುವುದು, ಸರದಿಯ ಪ್ರಕಾರ ನೀರು ಬಿಡಲು ಬಂದ ಸೌಡಿಯನ್ನು ಊರವರು ಹೆದರಿಸುವಾಗ ಆ ಗುಂಪಿನಲ್ಲಿ ಸೇರದಿರುವುದು, ಇವು ಅವನ ಕೈಯಲ್ಲಿವೆ. ಇವುಗಳ ಬೆಲೆ ನಾಲ್ಕು ಜನರ ಸಿಟ್ಟು, ಅಷ್ಟೇ. ಒಂಟಿಯಾಗಿ ಮಾಡಿದರೆ ವ್ಯರ್ಥವಾಗುವ ತ್ಯಾಗ ಒಂದು. ಒಟ್ಟಾಗಿ ಮಾಡುವುದಕ್ಕೆ ಬೇಕಾದ ಮೊದಲ ಮಾತು ಇನ್ನೊಂದು. ಎರಡನೆಯದನ್ನು ಆಡದಿರುವುದಕ್ಕೆ ಮೊದಲನೆಯದರ ವ್ಯರ್ಥತೆಯನ್ನು ನೆವ ಮಾಡಿಕೊಳ್ಳುವುದನ್ನು ನಾವು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟು ನೋಡಿದ್ದೇವೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟಿನ ಚೈನು ಹರಿದು ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ಗೇಟು ಕೂರಿಸುವ ತನಕ ಸುಮಾರು ಒಂದು ವಾರ ಮೇಲ್ಭಾಗದವನಿಗೂ ಕೊನೆ ಭಾಗದವನಿಗೂ ಒಂದೇ ನಿದ್ದೆಗೇಡು. ಆ ವಾರ ಸಿರುಗುಪ್ಪದ ಹೋಟೆಲುಗಳಲ್ಲಿ ‘ನಮ್ಮ ನೀರು’ ಎಂಬ ಮಾತಿಗೆ ಇದ್ದ ಅರ್ಥ, ಗೇಟು ಕೂತ ಮರುದಿನ ಮತ್ತೆ ಮೊದಲಿನಷ್ಟಕ್ಕೇ ಕುಗ್ಗಿತು.

ನೀರಿನಿಂದ ಮನೆಯೊಳಗೆ ಬರೋಣ. ನಮ್ಮ ವಯಸ್ಸಿನವರಿಗೆ ಇದು ನಾಳೆಯ ಪ್ರಶ್ನೆಯಲ್ಲ, ಇಂದಿನದೇ. ನಮ್ಮ ಮುಸ್ಲಿಮ್ ಮನೆಗಳಲ್ಲಿ ಅದಕ್ಕೆ ‘ಜೋಡೇ ಕಿ ರಖಂ’ ಎನ್ನುತ್ತಾರೆ, ಹಿಂದೂ ಮನೆಗಳಲ್ಲಿ ವರದಕ್ಷಿಣೆ, ವರೋಪಚಾರ. ಹೆಸರು ಬೇರೆ, ಲಕೋಟೆ ಒಂದೇ. ಕುರ್‌ಆನಿನ ‘ಅನ್ನಿಸಾ’ ಅಧ್ಯಾಯದ 4ನೆಯ ವಚನ ಮಹ್ರನ್ನು ಗಂಡು ಹೆಣ್ಣಿಗೆ ಸಂತೋಷದಿಂದ ಕೊಡಬೇಕೆಂದು ವಿಧಿಸುತ್ತದೆ. ನಮ್ಮಲ್ಲಿ ಮಹ್ರ್ ನಿಕಾಹ್‌ನಾಮೆಯಲ್ಲಿ ಒಂದು ಅಂಕಿಯಾಗಿ ಉಳಿದು, ಹಣ ಮಾತ್ರ ತಿರುವುಮುರುವಾಗಿ ಹರಿಯುತ್ತದೆ. ಗಂಡಿನ ಕಡೆಯವರನ್ನು ಕೇಳಿ ನೋಡಿ: ‘ನಾವು ಒಂದು ಮಾತೂ ಕೇಳಿಲ್ಲ. ಅವರ ಮಗಳಿಗೆ ಅವರಾಗೇ ಖುಷಿಯಿಂದ ಕೊಟ್ಟರು.’ 1961ರ ವರದಕ್ಷಿಣೆ ನಿಷೇಧ ಕಾಯ್ದೆ ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ಅಪರಾಧವೆಂದಿದೆ. ಆದರೆ ಬೇಡಿಕೆ ಇಲ್ಲದೆ ಕೊಟ್ಟ ಉಡುಗೊರೆಯನ್ನು, ಪಟ್ಟಿಯಲ್ಲಿ ಬರೆದಿಟ್ಟರೆ, ಅದು ಹೊರಗಿಡುತ್ತದೆ. ‘ಅವರಾಗೇ’ ಎಂಬ ನಮ್ಮ ಊರಿನ ಪದ ಅಷ್ಟು ಸುಲಭವಾಗಿ ಕಾನೂನಿನ ಬಾಗಿಲನ್ನು ತೆರೆದುಕೊಳ್ಳುತ್ತದೆ.

ಹೆಣ್ಣಿನ ತಂದೆ ‘ಇಲ್ಲ’ ಎಂದರೆ ಮಗಳು ಮನೆಯಲ್ಲೇ ಉಳಿಯುತ್ತಾಳೆ, ಅವಳ ತಂಗಿಯರೂ ಉಳಿಯುತ್ತಾರೆ, ಊರು ಆಡಿಕೊಳ್ಳುತ್ತದೆ. ಗಂಡು ‘ಇಲ್ಲ’ ಎಂದರೆ? ಅಪ್ಪನ ಮುನಿಸು ನಾಲ್ಕು ದಿನ. ಹೀಗಿದ್ದೂ ವರದಕ್ಷಿಣೆಯ ವಿರುದ್ಧದ ಭಾಷಣಗಳನ್ನು ಹೆಚ್ಚಾಗಿ ಹೆಣ್ಣುಮಕ್ಕಳ ಕಾಲೇಜುಗಳಲ್ಲಿ ಏರ್ಪಡಿಸುತ್ತಾರೆ. ‘ವರದಕ್ಷಿಣೆ ಕೇಳುವವನನ್ನು ಮದುವೆಯಾಗುವುದಿಲ್ಲ’ ಎಂದು ಹುಡುಗಿಯರಿಂದ ಪ್ರಮಾಣ ಮಾಡಿಸುತ್ತಾರೆ. ತುಟ್ಟಿಯ ‘ಇಲ್ಲ’ವನ್ನು ಹೆಣ್ಣಿನ ಹೆಗಲಿಗೆ ಹೇರಿ, ಅಗ್ಗದ ‘ಇಲ್ಲ’ ಕೈಯಲ್ಲಿರುವ ಹುಡುಗನನ್ನು ಕ್ಯಾಂಟೀನಿನಲ್ಲಿ ಕೂರಲು ಬಿಡುವ ಈ ಏರ್ಪಾಡು ಎಂಥದು?

ನಿಕಾಹ್‌ನಲ್ಲಿ ಹುಡುಗಿಯ ಒಪ್ಪಿಗೆ ಕೇಳುವ ಗಳಿಗೆಯ ಬಗ್ಗೆ ನಮ್ಮ ಗೆಳತಿಯರು ಬಹಳ ಯೋಚಿಸಿದ್ದಾರೆ. ವಕೀಲರೂ ಸಾಕ್ಷಿಗಳೂ ಒಳಗೆ ಬಂದು ಕೇಳುತ್ತಾರೆ. ಅವಳು ತಲೆ ತಗ್ಗಿಸುತ್ತಾಳೆ. ಮೌನವೇ ಒಪ್ಪಿಗೆ ಎಂದು ಹಿರಿಯರು ಎದ್ದು ಹೋಗುತ್ತಾರೆ. ಕನ್ಯೆಯ ಮೌನವನ್ನು ಸಮ್ಮತಿಯಾಗಿ ಗಣಿಸಬಹುದೆಂದು ಹದೀಸ್‌ನಲ್ಲಿ ಇರುವುದು ನಿಜ. ನಾಚುವವಳನ್ನು ಬಾಯಿ ಬಿಡುವಂತೆ ಪೀಡಿಸಬಾರದೆಂಬ ಕಾಳಜಿ ಅದರಲ್ಲಿದೆ ಎಂದು ನಮಗೆ ತೋರುತ್ತದೆ. ಆದರೆ ಅದೇ ಹದೀಸ್ ಗ್ರಂಥಗಳಲ್ಲಿ ಖನ್ಸಾ ಬಿನ್ತ್ ಖಿಝಾಮ್(ರ) ಅವರ ಪ್ರಸಂಗವೂ ಇದೆ. ಇಷ್ಟವಿಲ್ಲದ ಮದುವೆಯನ್ನು ತಂದೆ ಮಾಡಿಸಿದಾಗ ಆಕೆ ಪ್ರವಾದಿ(ಸ)ಯವರ ಬಳಿಗೆ ದೂರು ಒಯ್ದರು, ಪ್ರವಾದಿಯವರು(ಸ) ಆ ಮದುವೆಯನ್ನು ರದ್ದುಪಡಿಸಿದರು. ಮೌನದ ಹದೀಸ್ ನಮ್ಮ ಮೊಹಲ್ಲಾಗಳಲ್ಲಿ ಎಲ್ಲರಿಗೂ ಬಾಯಿಪಾಠ. ಖನ್ಸಾರ ಹೆಸರು ಕೇಳಿದವರು ಎಷ್ಟು ಮಂದಿ? ‘ಇಲ್ಲ’ ಎಂದರೆ ಕೇಳಿಸಿಕೊಳ್ಳುವವರೊಬ್ಬರು ಇದ್ದಾರೆಂಬ ಭರವಸೆ ಇರುವ ಕಡೆ ಮಾತ್ರ ಮೌನಕ್ಕೆ ಒಪ್ಪಿಗೆಯ ಅರ್ಥ ಬರುತ್ತದೆ. ಶಾಮಿಯಾನ ಹಾಕಿ, ಬಿರಿಯಾನಿಯ ದೇಗ್ ಇಳಿಸಿದ ಮೇಲೆ ಕೇಳಿದ ಪ್ರಶ್ನೆಗೆ ಬಂದ ಮೌನ ಯಾವ ಜಾತಿಯದು?

ಎರಡನೆಯ ಮಾತಿಗೆ, ‘ಅವರಾಗೇ ಒಪ್ಪಿಕೊಂಡರು’ ಎಂಬುದಕ್ಕೆ, ನಮ್ಮ ಜಿಲ್ಲೆಯಲ್ಲಿ ದೀರ್ಘ ಇತಿಹಾಸವಿದೆ. ಜೀನ್ಸ್ ಹೊಲಿಗೆಗೆ ಬಳ್ಳಾರಿಯ ಹೆಸರು ದೂರದವರೆಗೆ ಹೋಗಿದೆ. ಕೌಲ್‌ಬಜಾರಿನಂಥ ಬಡಾವಣೆಗಳಲ್ಲಿ ಮನೆಯೊಳಗೇ ಕೂತು ದಾರ ಕತ್ತರಿಸುವ, ಗುಂಡಿ ಹಾಕುವ ಹೆಂಗಸರಿಗೆ ಪೀಸಿನ ಲೆಕ್ಕದಲ್ಲಿ ಕೂಲಿ. ಫ್ಯಾಕ್ಟರಿಗೆ ಯಾಕೆ ಬರುವುದಿಲ್ಲವೆಂದರೆ ‘ಮನೆಯಲ್ಲೇ ಕೂತು ದುಡಿಯೋದು ಅವರಿಗೇ ಇಷ್ಟ’ ಎಂಬ ಉತ್ತರ ಸಿದ್ಧ. ಮಗುವನ್ನು ನೋಡಿಕೊಳ್ಳುವವರು ಇಲ್ಲ, ಹೊತ್ತು ಮೀರಿ ಬಂದರೆ ಮನೆಯಲ್ಲಿ ಸೇರಿಸುವುದಿಲ್ಲ ಎಂಬುದು ಆ ಇಷ್ಟದ ಹಿಂದಿನ ಸಂಗತಿ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1982ರಲ್ಲೇ ಮಾಡಿತು. ಅದಾದ ಎಷ್ಟೋ ವರ್ಷಗಳ ತನಕ ‘ಅದು ಅವರ ಹರಕೆ, ಅವರ ನಂಬಿಕೆ’ ಎಂದು ಊರ ದೊಡ್ಡವರು ಹೇಳುತ್ತಿದ್ದರು. ಹನ್ನೆರಡು ವರ್ಷದ ಹುಡುಗಿಗೆ ಮುತ್ತು ಕಟ್ಟುವಾಗ ಹರಕೆ ಯಾರದು? ಆ ತಾಯಂದಿರ ಮಕ್ಕಳು ಕಾಲೇಜಿನ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಜಾಗದ ಮುಂದೆ ಪೆನ್ನು ಹಿಡಿದು ನಿಲ್ಲುತ್ತಾರೆ. ತಾವು ಆರಿಸಿಕೊಳ್ಳದ ಒಂದು ಸಂಗತಿಗೆ ಅವರೇ ಉತ್ತರ ಕೊಡಬೇಕು. ನಮ್ಮ ಬಳ್ಳಾರಿಯ ವಕೀಲ, ಮಹಾನಟ ರಾಘವರು (1880–1946) ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕೆಂದು ಹಟ ಹಿಡಿದ ಕಾಲದಲ್ಲಿ ರಂಗದ ಮೇಲೆ ಹೆಣ್ಣಿನ ವೇಷ ಗಂಡಸರದೇ ಆಗಿತ್ತು. ಮರ್ಯಾದಸ್ಥ ಹೆಂಗಸರು ತಾವಾಗೇ ಬರುವುದಿಲ್ಲ ಎಂಬ ವಾದಕ್ಕೆ ಆಗಲೂ ಬರವಿದ್ದಿರಲಾರದು. ರಾಘವರು ಹೆಂಗಸರಿಗೆ ಧೈರ್ಯದ ಉಪದೇಶ ಮಾಡಿ ಸುಮ್ಮನಾಗಲಿಲ್ಲ, ಅವರ ಜೊತೆ ತಾವೂ ರಂಗದ ಮೇಲೆ ನಿಂತರು.

2022ರ ಆರಂಭದ ತಿಂಗಳುಗಳನ್ನು ಇಲ್ಲಿ ಬಿಟ್ಟು ಮುಂದೆ ಹೋಗಲು ಆಗದು. ಫೆಬ್ರವರಿ 5ರ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು ಎಲ್ಲರಿಗೂ ನೆನಪಿದೆ. ಹಿಜಾಬ್ ಅಥವಾ ತರಗತಿ ಎಂದು ಹುಡುಗಿಯರ ಮುಂದೆ ಇಟ್ಟು, ತರಗತಿ ಬಿಟ್ಟವರ ಬಗ್ಗೆ ‘ಓದು ಬಿಟ್ಟದ್ದು ಅವರ ಆಯ್ಕೆ’ ಎಂದವರಿದ್ದರು. ಹದಿನೇಳರ ಹುಡುಗಿಯೊಬ್ಬಳ ‘ಇಲ್ಲ’ಕ್ಕೆ ಇಡೀ ಓದನ್ನು ಬೆಲೆಯಾಗಿಟ್ಟು ಅದನ್ನು ಆಯ್ಕೆ ಎನ್ನುವುದು ನ್ಯಾಯವಲ್ಲ. ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅವರು ತಮ್ಮ ತೀರ್ಪಿನಲ್ಲಿ ಹೆಣ್ಣುಮಗುವಿನ ಶಿಕ್ಷಣದ ಪ್ರಶ್ನೆಯನ್ನು ಮುಂದಿಟ್ಟದ್ದು ನಮಗೆ ಸರಿ ಕಂಡಿತು. ಆದರೆ ಅದೇ ಗೋಲಿನಿಂದ ನಮ್ಮ ಮನೆಯನ್ನೂ ಅಳೆಯಬೇಕಲ್ಲ. ತೊಡುವುದಿಲ್ಲ ಎನ್ನುವ ಹುಡುಗಿ ನಮ್ಮದೇ ಮನೆಯಲ್ಲಿ ಇದ್ದರೆ ಅವಳ ‘ಇಲ್ಲ’ಕ್ಕೆ ನಾವು ಇಟ್ಟಿರುವ ಬೆಲೆ ಎಷ್ಟು? ಅದೂ ಓದೇ ಆಗಿದ್ದರೆ, ಸರಕಾರದ ಮೇಲೆ ಹೊರಿಸಿದ ಆರೋಪದ ಒಂದು ಪಾಲು ನಮ್ಮ ಪಡಸಾಲೆಗೂ ಸಲ್ಲುತ್ತದೆ. ಈ ಮಾತಿಗೆ ನಮ್ಮವರೇ ಕೆಲವರು ಸಿಟ್ಟಾಗಬಹುದು, ಆಗಲಿ.

ಇಷ್ಟೆಲ್ಲ ಕೇಳಿದ ಹಿರಿಯರು ಕೊನೆಗೆ ಒಂದು ಮಾತಿಗೆ ಬಂದು ನಿಲ್ಲುತ್ತಾರೆ: ಎಲ್ಲ ತಕ್ದೀರ್. ಹಣೆಬರಹ ಎಂದು ನೆರೆಮನೆಯವರು ಹೇಳುವುದೂ ಇದನ್ನೇ. ಇದನ್ನು ಅಸಡ್ಡೆಯಿಂದ ತಳ್ಳಿಹಾಕುವವರು ನಾವಲ್ಲ. ಮಗನನ್ನು ಕಳೆದುಕೊಂಡ ತಾಯಿಗೆ ಆ ಒಂದು ಪದ ಎಷ್ಟು ಆಸರೆ ಎಂಬುದನ್ನು ಕಂಡಿದ್ದೇವೆ. ಆದರೆ ಹಝ್ರತ್ ಉಮರ್(ರ) ಅವರ ಒಂದು ಪ್ರಸಂಗವಿದೆ. ಸಿರಿಯಾದ ಕಡೆ ಹೊರಟಿದ್ದ ಅವರಿಗೆ ದಾರಿಯಲ್ಲಿ, ಸರ್ಗ್ ಎಂಬಲ್ಲಿ, ಮುಂದೆ ಪ್ಲೇಗ್ ಇದೆಯೆಂಬ ಸುದ್ದಿ ಬಂತು. ಸಮಾಲೋಚನೆ ನಡೆಸಿ ಹಿಂದಿರುಗಲು ನಿರ್ಧರಿಸಿದರು. ಅಬೂ ಉಬೈದಾ(ರ) ಅವರು, ಅಲ್ಲಾಹನ ವಿಧಿಯಿಂದ ಓಡಿಹೋಗುತ್ತಿದ್ದೀರಾ ಎಂದು ಕೇಳಿದರು. ಒಂದು ವಿಧಿಯಿಂದ ಅಲ್ಲಾಹನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬುದು ಉಮರರ ಉತ್ತರದ ಸಾರ. ಕಣಿವೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಬರಡು ಇದ್ದರೆ ಒಂಟೆಯನ್ನು ಎಲ್ಲಿ ಮೇಯಿಸಿದರೂ ಅದು ವಿಧಿಯೇ ಅಲ್ಲವೇ ಎಂದು ಅವರು ಮರುಪ್ರಶ್ನೆ ಹಾಕಿದರು.

ಈ ಉತ್ತರದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದು ಒಂಟೆ ಕಾಯುವವನ ಚಿತ್ರ. ಕಣಿವೆ ಅವನ ಸೃಷ್ಟಿಯಲ್ಲ, ಮಳೆ ಅವನ ಕೈಯಲ್ಲಿಲ್ಲ. ಯಾವ ಬದಿಗೆ ಹಗ್ಗ ಎಳೆಯಬೇಕೆಂಬುದು ಮಾತ್ರ ಅವನದು. ತಕ್ದೀರ್ ಎಂದವನು ಹಗ್ಗ ತನ್ನ ಕೈಯಲ್ಲಿ ಇತ್ತೇ ಇಲ್ಲವೇ ಎಂಬುದನ್ನೂ ಹೇಳಬೇಕು. ನಮ್ಮ ನಾಡಿನಲ್ಲಿ ಹಗ್ಗ ಕೈಯಲ್ಲಿರುವವನು ತಕ್ದೀರ್ ಎನ್ನುತ್ತಾನೆ. ಹಗ್ಗದ ಇನ್ನೊಂದು ತುದಿಯಲ್ಲಿ ಕಟ್ಟಿಸಿಕೊಂಡವರಿಗೆ ‘ನೀನಾಗೇ ಬಂದೆಯಲ್ಲ’ ಎನ್ನುತ್ತಾನೆ.

ಬರಡು ಬದಿಯನ್ನು ಹಸಿರು ಮಾಡುವ ಕೆಲಸವೂ ಇದೆ. ಅದು ಸಮಾಜದ್ದು, ಸರಕಾರದ್ದು. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಟಿಕೆಟ್ಟಿಲ್ಲದ ಪ್ರಯಾಣ ಆರಂಭವಾದಾಗ ನಮ್ಮ ಸಿರುಗುಪ್ಪದ ಬಸ್ಸಿನಲ್ಲಿ ಏನಾಯಿತೆಂದು ನಾವು ಬಲ್ಲೆವು. ನೂಕುನುಗ್ಗಲು, ಕಂಡಕ್ಟರ್‌ನ ಗೊಣಗಾಟ, ಗಂಡಸರ ಕುಹಕ ಎಲ್ಲ ಇತ್ತು. ಜೊತೆಗೆ, ಪಿಯುಸಿಗೆ ನಿಲ್ಲಿಸಿದ್ದ ಹುಡುಗಿಯರು ಬ್ಯಾಗು ಹಾಕಿಕೊಂಡು ಹತ್ತಿದರು. ಅವರಿಗೆ ಅದಕ್ಕೆ ಮೊದಲು ಓದುವ ಮನಸ್ಸಿರಲಿಲ್ಲವೇ? ತಿಂಗಳ ಪಾಸಿನ ಹಣ ಕೇಳಲು ಬಾಯಿ ಬರುತ್ತಿರಲಿಲ್ಲ, ಅಷ್ಟೆ. ‘ನಮ್ಮ ಹುಡುಗಿಗೆ ಓದಿನ ಮೇಲೆ ಮನಸ್ಸಿಲ್ಲ’ ಎಂದು ಹೇಳಿದ್ದ ಎಷ್ಟೋ ಮನೆಗಳ ಮಾತು ಒಂದು ಬಸ್ಸಿನ ಟಿಕೆಟ್ಟಿನಷ್ಟು ತೆಳ್ಳಗಿತ್ತು. 371(ಜೆ) ಬಂದ ಮೇಲೆ ನಮ್ಮ ಭಾಗದ ಮಕ್ಕಳಿಗೆ ವೃತ್ತಿ ಶಿಕ್ಷಣದ ಸೀಟುಗಳು ಸಿಕ್ಕ ಕಥೆಯೂ ಇಂಥದ್ದೇ. ಹಿಂದುಳಿದದ್ದು ನಮ್ಮ ಜನರ ಸ್ವಭಾವ ಎನ್ನುತ್ತಿದ್ದವರು ಈಗ ಬೇರೆ ಕಾರಣ ಹುಡುಕಬೇಕಾಗಿದೆ.

ಹಾಗೆಂದು ಬೆಲೆ ಇಳಿಸಿದರೆ ಸಾಕು, ಮನುಷ್ಯ ತಾನಾಗಿ ಸರಿದಾರಿಗೆ ಬರುತ್ತಾನೆಂದು ನಾವು ನಂಬುವುದಿಲ್ಲ. ಬೆಲೆಯೇ ಇಲ್ಲದ ‘ಇಲ್ಲ’ವನ್ನೂ ಹೇಳದ ಜನರನ್ನು ಮೇಲೆ ನೋಡಿದೆವು. ಇದಕ್ಕೆ ವಿರುದ್ಧವಾಗಿ, ಹದಿನಾರರ ಹುಡುಗಿ ಸಹಾಯವಾಣಿ 1098ಕ್ಕೆ ತಾನೇ ಕರೆ ಮಾಡಿ ತನ್ನ ಮದುವೆ ನಿಲ್ಲಿಸಿಕೊಂಡ ಸುದ್ದಿಯನ್ನೂ ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಅತ್ಯಂತ ತುಟ್ಟಿಯ ‘ಇಲ್ಲ’ ಅದು. ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ, ಶಾಲು ಹೊದಿಸುತ್ತೇವೆ. ಆ ರಾತ್ರಿ ಅವಳು ಯಾರ ಮನೆಯಲ್ಲಿ ಮಲಗಿದಳು, ಯಾರು ಊಟ ಬಡಿಸಿದರು, ಮುಂದಿನ ವರ್ಷ ಶಾಲೆಗೆ ಹೋದಳೇ ಎಂದು ಕೇಳುವವರು ಕಡಿಮೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಮದುವೆಯನ್ನು ನಿಲ್ಲಿಸಬಲ್ಲದು. ಮರುದಿನ ಬೆಳಗಿನ ಮನೆಯನ್ನು ಅದು ಕಟ್ಟಿಕೊಡಲಾರದು. ವೀರರನ್ನು ಮೆಚ್ಚಿಕೊಳ್ಳುವ ಸಮಾಜಕ್ಕೆ ವೀರರು ಯಾಕೆ ಬೇಕಾದರು ಎಂಬ ಪ್ರಶ್ನೆ ಹಿಡಿಸುವುದಿಲ್ಲ.

ನಮ್ಮ ಅಳತೆಗೋಲು ಎಲ್ಲ ಕಡೆ ನೇರವಾಗಿ ಕೂರುವುದಿಲ್ಲ ಎಂಬುದಕ್ಕೆ ನಮ್ಮ ನಡುವೆಯೇ ಒಂದು ನಿದರ್ಶನವಿದೆ. ನಮ್ಮ ಗುಂಪಿನ ಒಬ್ಬ, ಸಿರುಗುಪ್ಪ ಕಡೆಯವನು, ಓದು ಮುಗಿಸಿ ಈಗ ಸಣ್ಣ ಕೆಲಸದಲ್ಲಿದ್ದಾನೆ. ಅವನಿಗೆ ಕುರುಗೋಡಿನ ಕಡೆಯ ಒಂದು ಸಂಬಂಧ ಬಂದಿದೆ. ಜೋಡೇ ಕಿ ರಖಂ ಒಂದು ಪೈಸೆಯೂ ಬೇಡ ಎಂದು ಅವನು ಮನೆಯಲ್ಲಿ ಹೇಳಿದ. ಅಗ್ಗದ ‘ಇಲ್ಲ’ ಎಂದು ನಾವೆಲ್ಲ ಭಾವಿಸಿದ್ದೆವು. ಅವನ ತಂದೆ ಸಿಟ್ಟಾಗಲಿಲ್ಲ. ‘ಆಯ್ತು ಬೇಟಾ, ನಿನ್ನ ಆಪಾನ ಮದುವೆಗೆ ಕೊಟ್ಟೆವಲ್ಲ, ಆ ಸಾಲ ಇನ್ನೂ ಅರ್ಧ ಹಾಗೇ ಇದೆ. ನಿನ್ನ ತಂಗಿ ಮುಂದಿನ ವರ್ಷಕ್ಕೆ ಬಂದು ನಿಲ್ತಾಳೆ. ನೀನು ಬೇಡ ಅಂದರೆ ಅವಳ ಕಡೆಯವರೂ ಬೇಡ ಅಂತಾರಾ?’ ಎಂದಷ್ಟೇ ಕೇಳಿದರು. ಹೆಣ್ಣಿನ ತಂದೆಯಾಗಿ ತೆತ್ತದ್ದನ್ನು ಗಂಡಿನ ತಂದೆಯಾಗಿ ವಸೂಲು ಮಾಡುವುದನ್ನು ಅವರು ದುರಾಸೆ ಎಂದುಕೊಂಡಿಲ್ಲ. ಅವರ ದೃಷ್ಟಿಯಲ್ಲಿ ಅದು ಲೆಕ್ಕ ಸರಿದೂಗಿಸುವುದು. ಕುರುಗೋಡಿನ ಆ ತಂದೆಯೂ ನಾಳೆ ತನ್ನ ಮಗನ ಮದುವೆಯಲ್ಲಿ ಹೀಗೇ ದೂಗಿಸುತ್ತಾರೆ. ಕಾಲುವೆಯ ನೀರಿನಂತೆಯೇ ಇದು. ಒಬ್ಬ ಬಿಟ್ಟ ನೀರು ಪಕ್ಕದವನ ತೂಬಿಗೆ.

ಆದ್ದರಿಂದ ಅವನ ‘ಇಲ್ಲ’ದ ಬೆಲೆಯನ್ನು ಅವನೊಬ್ಬನೇ ತೆರುವುದಿಲ್ಲ, ತಂಗಿಯೂ ತೆರಬೇಕು. ಹಾಗಾದರೆ ಆ ನಿರ್ಧಾರ ಅವನೊಬ್ಬನದೇ? ತಂಗಿಯನ್ನು ಕೇಳಬೇಕಲ್ಲವೇ? ಬಳ್ಳಾರಿಯ ಬಸ್‌ಸ್ಟ್ಯಾಂಡಿನ ಹೊರಗಿನ ಚಹಾದಂಗಡಿಯಲ್ಲಿ ನಾವು ಇದನ್ನು ಎರಡು ಸಂಜೆ ಚರ್ಚಿಸಿದೆವು. ನಮ್ಮ ಬಿ.ಎಡ್. ಗೆಳತಿ ಒಂದೇ ಮಾತು ಹೇಳಿದಳು: ನೀವು ನಾಲ್ಕು ಜನ ಹುಡುಗರು ಕೂತು ಅವಳ ಬಗ್ಗೆ ಮಾತಾಡುತ್ತಿದ್ದೀರಿ, ಅವಳಿಗೆ ಫೋನಿದೆ. ಆ ರಾತ್ರಿ ಅವನು ತಂಗಿಯನ್ನು ಕೇಳಿದ. ಅವಳು ಪಿಯುಸಿ ಎರಡನೇ ವರ್ಷ. ‘ನನ್ನ ಹೆಸರು ಹೇಳಿ ನೀವು ಯಾರೂ ಏನೂ ತಗೋಬೇಡಿ ಭಯ್ಯಾ. ಆದರೆ ನನ್ನನ್ನ ಮುಂದಿನ ವರ್ಷ ಅನ್ನಬೇಡಿ ಅಂತ ಅಬ್ಬಾಗೆ ಹೇಳು. ನಾನು ಡಿಗ್ರಿ ಮಾಡ್ತೀನಿ’ ಎಂದಳಂತೆ. ಇಬ್ಬರು ಅಣ್ಣ ತಂಗಿಯರಿಗೂ ಬೇಕಾದದ್ದು ಎರಡು ಬೇರೆ ಬೇರೆ ‘ಇಲ್ಲ’. ಒಂದರ ಜೊತೆ ಇನ್ನೊಂದನ್ನು ಇಟ್ಟರೆ ಮಾತ್ರ ಎರಡೂ ಸ್ವಲ್ಪ ಅಗ್ಗವಾಗುತ್ತವೆ ಎಂಬುದು ತಿಳಿದದ್ದು ಆಗ.

ಆಪಾಳ ಮದುವೆಯ ಸಾಲದ ಕಂತನ್ನು ತನ್ನ ಸಂಬಳದಿಂದ ತಾನೇ ಕಟ್ಟುತ್ತೇನೆ, ತಂಗಿಗೆ ಮೂರು ವರ್ಷ ಸಮಯ ಕೊಡಿ ಎಂದು ಅವನು ಅಬ್ಬಾಗೆ ಹೇಳಿದ್ದಾನೆ. ಅವರು ಹೂಂ ಎಂದಿಲ್ಲ, ಉಹೂಂ ಎಂದೂ ಇಲ್ಲ. ಭತ್ತದ ಕೊಯ್ಲು ಮುಗಿಯಲಿ, ಆಮೇಲೆ ಹೇಳುತ್ತೇವೆ ಎಂದು ಕುರುಗೋಡಿಗೆ ಹೇಳಿ ಕಳುಹಿಸಿದ್ದಾರೆ.